ವಿಜಯಪುರದಲ್ಲಿ ಸ್ವಯಂಸೇವೆ: ಎಲ್ಲಿ ಕೇಳಬೇಕು, ಹೇಗೆ ತೊಡಗಬೇಕು

ಯುಗಾದಿ ಸಮೀಪಿಸಿದಾಗ ಕಂಬಿ, ಅಂದರೆ ಹೆಗಲ ಮೇಲಿಡುವ ಪೂಜೆಯ ಕೋಲು, ಹೊತ್ತು ಶ್ರೀಶೈಲದತ್ತ ನಡೆಯುವ ಪಾದಯಾತ್ರಿಗಳಿಗೆ ನಮ್ಮ ಭಾಗದ ಊರುಗಳ ಜನ ಚಪ್ಪರ ಹಾಕಿ, ಮಜ್ಜಿಗೆ ಕೊಟ್ಟು, ಗುಳ್ಳೆ ಎದ್ದ ಪಾದಗಳಿಗೆ ಎಣ್ಣೆ ಹಚ್ಚಿ ಕಳುಹಿಸುತ್ತಾರೆ. ಅವರನ್ನು ಯಾರೂ ಸ್ವಯಂಸೇವಕರೆಂದು ಕರೆಯುವುದಿಲ್ಲ, ಅವರಿಗೆ ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ಆದ್ದರಿಂದ ಪರರಿಗಾಗಿ ದುಡಿಯುವ ಮನಸ್ಸು ಈ ನೆಲಕ್ಕೆ ಹೊಸತಲ್ಲ. ಆದರೆ ಪಾದಯಾತ್ರೆಯ ಸೇವೆಗೆ ದಾರಿ, ದಿನ, ಜನ ಎಲ್ಲವೂ ಮೊದಲೇ ಗೊತ್ತಿರುತ್ತವೆ. ವರ್ಷದ ಉಳಿದ ದಿನಗಳಲ್ಲಿ ಎಲ್ಲಿ ಯಾರಿಗೆ ಕೈ ಬೇಕಾಗಿದೆ ಎಂಬುದನ್ನು ನಾವೇ ಕೇಳಿ ತಿಳಿಯಬೇಕಾಗುತ್ತದೆ. ಹಾಗೆ ಕೇಳಲು ಹೊರಡುವವರಿಗಾಗಿ ಈ ಬರಹ.

ಕೆಲಸವನ್ನು ಆರಿಸುವುದಕ್ಕಿಂತ ಮೊದಲು ಹೊತ್ತನ್ನು ನಿಗದಿ ಮಾಡಿಕೊಳ್ಳಿ. ವಾರಕ್ಕೆ ಎರಡು ಗಂಟೆ, ಕನಿಷ್ಠ ಆರು ತಿಂಗಳು ಎಂಬ ಮಾತು ಸಣ್ಣದೆನಿಸಿದರೂ ಅದನ್ನು ನಡೆಸಿಕೊಡುವುದು ಸುಲಭವಲ್ಲ. ಹಲವು ವರ್ಷಗಳ ಹಿಂದೆ ನಾವು ಕೆಲವು ಗೆಳೆಯರು ಒಂದು ಸರ್ಕಾರಿ ಶಾಲೆಯಲ್ಲಿ ಶನಿವಾರದ ಓದಿನ ತರಗತಿ ಆರಂಭಿಸಿ, ನಾಲ್ಕನೆಯ ವಾರದ ಹೊತ್ತಿಗೆ ಒಬ್ಬೊಬ್ಬರಾಗಿ ತಪ್ಪಿಸಿಕೊಂಡೆವು. ಮಕ್ಕಳು ಆ ಶನಿವಾರವೂ ಚೀಲ ಹಿಡಿದು ಕಟ್ಟೆಯ ಮೇಲೆ ಕಾಯುತ್ತಿದ್ದರೆಂದು ಮುಖ್ಯಗುರುಗಳು ಆಮೇಲೆ ಹೇಳಿದಾಗ, ಏನನ್ನೂ ಆರಂಭಿಸದೆ ಇದ್ದಿದ್ದರೇ ಒಳ್ಳೆಯದಿತ್ತು ಎನಿಸಿತು. ಅಂದಿನಿಂದ ನಾನು ಹೊಸಬರಿಗೆ ಹೇಳುವುದು ಇದೊಂದೇ: ಕಡಿಮೆ ಮಾತು ಕೊಡಿ, ಕೊಟ್ಟ ದಿನ ತಪ್ಪದೆ ಹೋಗಿ.

ಕೇಳಬೇಕಾದ ಸ್ಥಳಗಳು ಮನೆಯ ಹತ್ತಿರವೇ ಇವೆ. ಶಾಲೆಯಲ್ಲಿ ಮುಖ್ಯಗುರುಗಳು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಮೇಲ್ವಿಚಾರಕರು, ವಿದ್ಯಾರ್ಥಿನಿಲಯದಲ್ಲಿ ವಾರ್ಡನ್, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿ ಅಥವಾ ಆಶಾ ಕಾರ್ಯಕರ್ತೆಯರು ನಿಮಗೆ ದಾರಿ ತೋರಿಸಬಲ್ಲರು. ಅವರಲ್ಲಿಗೆ ಹೋದಾಗ ನಿಮ್ಮ ಯೋಜನೆಯನ್ನು ಮುಂದಿಡಬೇಡಿ. ಕೈ ಸಾಲದೆ ಅವರಲ್ಲಿ ಉಳಿದುಹೋಗಿರುವ ಕೆಲಸ ಯಾವುದೆಂದು ಕೇಳಿ. ಗ್ರಂಥಾಲಯಕ್ಕೆ ಹೊಸ ಪುಸ್ತಕಗಳಿಗಿಂತ ಸಂಜೆ ಬಂದು ಕೂತು ಮಕ್ಕಳಿಗೆ ಕತೆ ಓದಿ ಹೇಳುವವರೇ ಹೆಚ್ಚು ಬೇಕಾಗಿರಬಹುದು. ಕಾಲೇಜು ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಸೇವಾ ಯೋಜನೆ ಸಿದ್ಧವಾದ ದಾರಿ. ಅದರಲ್ಲಿ ವರ್ಷಕ್ಕೆ 120 ಗಂಟೆಗಳ ಸೇವೆ ಮತ್ತು 7 ದಿನಗಳ ವಿಶೇಷ ಶಿಬಿರ ಇರುತ್ತವೆ.

ನಮ್ಮ ಜಿಲ್ಲೆಯಲ್ಲಿ ಮಕ್ಕಳ ಓದಿನ ಕೆಲಸಕ್ಕೆ ಒಂದು ವಿಶೇಷ ಹಿನ್ನೆಲೆಯಿದೆ. ದೀಪಾವಳಿಯ ಆಸುಪಾಸಿನಲ್ಲಿ ಅನೇಕ ಲಂಬಾಣಿ ತಾಂಡಾಗಳ, ಹಳ್ಳಿಗಳ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ, ಗೋವಾ ಕಡೆಗೆ ಗುಳೆ ಹೋಗುತ್ತವೆ. ಕೆಲವು ಮಕ್ಕಳು ಜೊತೆಗೆ ಹೋಗುತ್ತಾರೆ, ಕೆಲವರು ಅಜ್ಜಿಯ ಬಳಿ ಉಳಿಯುತ್ತಾರೆ. ಹಾಗೆ ಉಳಿದ ಮಗುವಿಗೆ ಸಂಜೆ ಅಭ್ಯಾಸದ ಪುಸ್ತಕ ತೆರೆದು ನೋಡುವವರಿರುವುದಿಲ್ಲ. ಹೋಗಿ ಮರಳಿದ ಮಗುವಿಗೆ ನಡುವಿನ ಪಾಠಗಳೇ ಇರುವುದಿಲ್ಲ. ಆದುದರಿಂದ ಸಂಜೆಯ ತರಗತಿ ನಡೆಸಬಯಸುವವರು ಜೂನ್ ತಿಂಗಳ ಉತ್ಸಾಹವನ್ನೆಲ್ಲ ಜೂನ್‌ನಲ್ಲಿಯೇ ಮುಗಿಸದೆ, ನವೆಂಬರಿನಿಂದ ಮಾರ್ಚ್‌ವರೆಗಿನ ತಿಂಗಳುಗಳಿಗೆ ಬಲವನ್ನು ಉಳಿಸಿಕೊಳ್ಳಬೇಕು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ಶಾಲೆಯ ಕನ್ನಡ ಅದಕ್ಕೆ ಎರಡನೆಯ ಭಾಷೆ. ಇದನ್ನು ಮರೆತು ತಡವರಿಸುವ ಮಗುವನ್ನು ದಡ್ಡನೆಂದು ತಿಳಿಯುವುದು ಹೊಸಬರು ಮಾಡುವ ದೊಡ್ಡ ತಪ್ಪು. ನಿಮಗೆ ಲಂಬಾಣಿ, ಉರ್ದು ಅಥವಾ ಮರಾಠಿ ಬರುತ್ತಿದ್ದರೆ ಅದನ್ನು ಮೊದಲ ದಿನವೇ ಹೇಳಿ, ಏಕೆಂದರೆ ಪದವಿಗಿಂತ ಆ ಭಾಷೆಯೇ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತರಗತಿ ತೆರೆದ ಜಾಗದಲ್ಲಿ, ದೊಡ್ಡವರು ಕನಿಷ್ಠ ಇಬ್ಬರ ಸಮ್ಮುಖದಲ್ಲಿ, ಶಾಲೆಯ ಲಿಖಿತ ಒಪ್ಪಿಗೆಯೊಡನೆ ನಡೆಯಲಿ. ಪೋಷಕರ ಅನುಮತಿಯಿಲ್ಲದೆ ಮಕ್ಕಳ ಚಿತ್ರಗಳನ್ನು ತೆಗೆಯಬೇಡಿ, ಎಲ್ಲಿಯೂ ಹಾಕಬೇಡಿ. ಯಾವುದೇ ಮಗು ಸಂಕಷ್ಟದಲ್ಲಿರುವುದು ಕಂಡುಬಂದರೆ ನೀವೇ ವಿಚಾರಣೆಗೆ ಇಳಿಯದೆ 1098 ಮಕ್ಕಳ ಸಹಾಯವಾಣಿಗೆ ತಿಳಿಸಿ.

ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳ ಪರವಾಗಿ ಪರೀಕ್ಷೆ ಬರೆಯುವ ಸ್ಕ್ರೈಬ್ ಕೆಲಸದ ಬಗ್ಗೆ ಬಹಳ ಮಂದಿ ವಿಚಾರಿಸುತ್ತಾರೆ. ಇಲ್ಲಿ ಒಂದು ಮಾತು ಮೊದಲೇ ತಿಳಿದಿರಬೇಕು: ಬರೆಯುವವರ ವಿದ್ಯಾರ್ಹತೆ ಪರೀಕ್ಷಾರ್ಥಿಯ ಮಟ್ಟಕ್ಕಿಂತ ಕೆಳಗಿರಬೇಕೆಂಬುದು ಸಾಮಾನ್ಯ ನಿಯಮ. ಹಾಗಾಗಿ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗೆ ಪದವೀಧರರು ಬರೆಯುವಂತಿಲ್ಲ. ಕೆಳಗಿನ ತರಗತಿಯಲ್ಲಿ ಓದುತ್ತಿರುವ, ಅಕ್ಷರ ದುಂಡಗಿರುವ, ಮೂರು ಗಂಟೆಗೂ ಹೆಚ್ಚು ಹೊತ್ತು ತಾಳ್ಮೆಯಿಂದ ಕೂರಬಲ್ಲ ಮಗು ಬೇಕಾಗುತ್ತದೆ. ನೀವು ಮಾಡಬಹುದಾದದ್ದು ಅಂಥ ಮಕ್ಕಳನ್ನು ಹುಡುಕಿ, ಅವರ ಪೋಷಕರನ್ನು ಒಪ್ಪಿಸಿ, ಪರೀಕ್ಷೆಗೆ ಮುಂಚೆಯೇ ಇಬ್ಬರನ್ನೂ ಕೂಡಿಸಿ ಅಭ್ಯಾಸ ಮಾಡಿಸುವುದು. ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು, ತಪ್ಪು ಉತ್ತರವನ್ನೂ ತಿದ್ದಬಾರದು ಎಂಬುದನ್ನು ಬರೆಯುವ ಮಗುವಿಗೆ ಮತ್ತೆ ಮತ್ತೆ ತಿಳಿಹೇಳಬೇಕು. ದೊಡ್ಡವರಿಗೆ ಇದಕ್ಕಿಂತಲೂ ಬೆಲೆಯುಳ್ಳ ಇನ್ನೊಂದು ಕೆಲಸವಿದೆ, ಅದು ಓದಿ ಹೇಳುವುದು. ಪದವಿ, ಸ್ನಾತಕೋತ್ತರ ಪದವಿಯ ಎಷ್ಟೋ ಕನ್ನಡ ಪುಸ್ತಕಗಳು ಧ್ವನಿರೂಪದಲ್ಲಿ ಸಿಗುವುದಿಲ್ಲ. ವಿದ್ಯಾರ್ಥಿ ಕೇಳಿದ ಅಧ್ಯಾಯವನ್ನು ಮೊಬೈಲಿನಲ್ಲಿ ಸ್ಪಷ್ಟವಾಗಿ ಓದಿ ಧ್ವನಿಮುದ್ರಿಸಿ, ಅಧ್ಯಾಯಕ್ಕೊಂದರಂತೆ ಹೆಸರಿಟ್ಟು ಕಳುಹಿಸಿದರೆ ಅವರು ಬೇಕೆಂದಾಗ ಕೇಳಿಕೊಳ್ಳುತ್ತಾರೆ. ನೌಕರಿಯಲ್ಲಿದ್ದು ಹಗಲು ಬಿಡುವಿಲ್ಲದವರಿಗೆ, ಮನೆ ಬಿಟ್ಟು ಹೊರಡಲಾಗದ ಗೃಹಿಣಿಯರಿಗೆ, ನಿವೃತ್ತ ಶಿಕ್ಷಕರಿಗೆ ನಾನು ಮೊದಲು ಸೂಚಿಸುವ ಕೆಲಸ ಇದೇ.

ರಕ್ತದಾನದಲ್ಲಿ ಮನಸ್ಸಿನ ಕೊರತೆಯಿಲ್ಲ, ಹಂಚಿಕೆಯ ಕೊರತೆಯಿದೆ. ಯಾರದೋ ಹುಟ್ಟುಹಬ್ಬದಂದು ನೂರಾರು ಜನ ಒಂದೇ ದಿನ ರಕ್ತ ಕೊಡುತ್ತಾರೆ, ಏಪ್ರಿಲ್ ಮೇ ತಿಂಗಳಲ್ಲಿ ಕಾಲೇಜುಗಳು ಮುಚ್ಚಿದಾಗ ರಕ್ತನಿಧಿ ಕೇಂದ್ರದವರು ದಾನಿಗಳನ್ನು ಹುಡುಕುತ್ತಾರೆ. ಕೆಂಪು ರಕ್ತಕಣಗಳನ್ನು ಸುಮಾರು 35ರಿಂದ 42 ದಿನ ಕಾಪಿಡಬಹುದು, ಪ್ಲೇಟ್‌ಲೆಟ್‌ಗಳನ್ನು ಕೇವಲ 5 ದಿನ. ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಬೇಕು. ಈ ಲೆಕ್ಕವನ್ನು ಎದುರಿಗಿಟ್ಟುಕೊಂಡು ನೋಡಿದರೆ, ಒಂದು ದೊಡ್ಡ ಶಿಬಿರಕ್ಕಿಂತ ಮೂವತ್ತು ಜನರ ಒಂದು ಪಟ್ಟಿ ಮಾಡಿ, ಪ್ರತಿ ವಾರ ಒಬ್ಬಿಬ್ಬರು ಹೋಗಿ ಕೊಡುವಂತೆ ಏರ್ಪಡಿಸುವುದು ಹೆಚ್ಚು ಉಪಯುಕ್ತ. ದಾನಿಯ ವಯಸ್ಸು 18ರಿಂದ 65ರೊಳಗೆ, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂಗಿಂತ ಕಡಿಮೆಯಿಲ್ಲದೆ ಇರಬೇಕು. ಒಂದು ದಾನದಿಂದ ಇನ್ನೊಂದಕ್ಕೆ ಪುರುಷರಿಗೆ 3 ತಿಂಗಳು, ಮಹಿಳೆಯರಿಗೆ 4 ತಿಂಗಳು ಅಂತರವಿರಬೇಕು. ಪಟ್ಟಿಯಲ್ಲಿ ಪ್ರತಿಯೊಬ್ಬರ ಕೊನೆಯ ದಾನದ ದಿನಾಂಕ ಬರೆದಿಡುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಿ. ಸ್ವತಃ ರಕ್ತ ಕೊಡಲಾಗದವರಿಗೂ ಈ ಕೆಲಸ ಒಪ್ಪುತ್ತದೆ.

ಗಿಡ ನೆಡುವವರು ಮಳೆಗಾಲದಲ್ಲಿ ಬೇಕಾದಷ್ಟು ಸಿಗುತ್ತಾರೆ, ಕೋಟಿ ವೃಕ್ಷ ಅಭಿಯಾನದಿಂದ ನಮ್ಮ ಜಿಲ್ಲೆಯಲ್ಲಿ ಆ ಉತ್ಸಾಹ ಬೆಳೆದಿದೆ. ಗಿಡಕ್ಕೆ ಆಸರೆ ಬೇಕಾಗುವುದು ಫೆಬ್ರುವರಿಯಿಂದ ಮೇವರೆಗೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದಾಗ ಎಳೆಯ ಬೇರುಗಳೂ ಹರಿಯುತ್ತವೆ, ಬಿರುಕಿನಿಂದ ಉಳಿದ ತೇವವೂ ಆರುತ್ತದೆ. ಹೀಗಾಗಿ ದಿನಕ್ಕೊಂದು ತಂಬಿಗೆ ಚಿಮುಕಿಸುವುದರ ಬದಲು ವಾರಕ್ಕೆ ಎರಡು ಸಲ, ಬಿಸಿಲೇರುವ ಮೊದಲು, ಗಿಡಕ್ಕೊಂದು ಕೊಡ ನೀರನ್ನು ನಿಧಾನವಾಗಿ ಇಂಗಿಸಿ, ಬುಡದ ಸುತ್ತ ಒಣ ಎಲೆ ಅಥವಾ ಹೊಟ್ಟು ಹರಡಬೇಕು. ನಿಮ್ಮ ಓಣಿಯಲ್ಲಿ ಯಾರೋ ನೆಟ್ಟ ಹತ್ತು ಗಿಡಗಳನ್ನು ಎಣಿಸಿ, ಮೂರು ಬೇಸಿಗೆ ನೀರುಣಿಸಲು ಒಪ್ಪಿಕೊಳ್ಳಿ. ಹೊಂಗೆ, ಬೇವುಗಳಂಥ ಗಿಡಗಳು ಮೂರು ಬೇಸಿಗೆ ದಾಟಿದರೆ ಬಹುತೇಕ ತಾವೇ ನಿಲ್ಲುತ್ತವೆ.

ಸ್ಮಾರಕಗಳ ಸ್ವಚ್ಛತೆಯ ಬಗ್ಗೆ ಒಂದು ಎಚ್ಚರಿಕೆಯ ಮಾತು. ಗೋಳಗುಮ್ಮಟ, ಇಬ್ರಾಹಿಂ ರೋಜಾಗಳಂಥ ಕಟ್ಟಡಗಳು ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿವೆ. ಅಲ್ಲಿ ಅನುಮತಿಯಿಲ್ಲದೆ ಕಲ್ಲು ಉಜ್ಜುವುದು, ಸುಣ್ಣ ಬಳಿಯುವುದು, ಸಂದಿನಲ್ಲಿ ಬೆಳೆದ ಗಿಡವನ್ನು ಎಳೆದು ಕೀಳುವುದು ಕಟ್ಟಡಕ್ಕೆ ಹಾನಿ ಮಾಡುತ್ತದೆ, ಏಕೆಂದರೆ ಬೇರು ಗಾರೆಯನ್ನೂ ಕಿತ್ತುಕೊಂಡೇ ಬರುತ್ತದೆ. ಹೊರಗಿನ ಕಸ ಆಯುವುದಕ್ಕೂ ಸ್ಥಳೀಯ ಕಚೇರಿಯನ್ನು ಕೇಳಿಯೇ ಹೋಗಿ. ಆದಿಲ್‌ಶಾಹಿ ಕಾಲದ ಬಾವಡಿಗಳು, ಅಂದರೆ ದೊಡ್ಡ ಬಾವಿಗಳು, ನಗರದಲ್ಲಿ ಹಲವಿವೆ. ಅವುಗಳಿಗೆ ಪ್ಲಾಸ್ಟಿಕ್ ಚೀಲ, ಪೂಜೆಯ ಹೂವು, ಹಳೆಯ ಚಿತ್ರಪಟ ಬೀಳದಂತೆ ಅಕ್ಕಪಕ್ಕದ ಮನೆಗಳವರೊಡನೆ ಮಾತಾಡಿ ಒಪ್ಪಿಸುವುದು ಹೂಳು ತೆಗೆಯುವಷ್ಟೇ ಮುಖ್ಯವಾದ ಕೆಲಸ.

ಇನ್ನು ನೆರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಊರುಗಳನ್ನು ಮುಳುಗಿಸಿದವು. 2020ರ ಅಕ್ಟೋಬರಿನಲ್ಲಿ ಭೀಮೆ ನಮ್ಮ ಜಿಲ್ಲೆಯ ತೀರದ ಹಳ್ಳಿಗಳಿಗೆ ನುಗ್ಗಿತು. ಅಂಥ ಸಮಯದಲ್ಲಿ ಮನೆಯ ಹಳೆಯ ಬಟ್ಟೆಗಳ ಗಂಟು ಕಟ್ಟಿ ಲಾರಿ ಹತ್ತಿಸಬೇಡಿ. ಅದನ್ನು ವಿಂಗಡಿಸುವುದೇ ಸಂತ್ರಸ್ತರು ತಂಗುವ ಕಾಳಜಿ ಕೇಂದ್ರದವರಿಗೆ ಇನ್ನೊಂದು ಹೊರೆಯಾಗುತ್ತದೆ. ತಾಲ್ಲೂಕು ಕಚೇರಿಗೆ ಅಥವಾ ಪಂಚಾಯಿತಿಗೆ ಫೋನು ಮಾಡಿ, ಈ ದಿನ ಯಾವ ಊರಿಗೆ ಏನು ಬೇಕೆಂದು ಕೇಳಿ. ಹಾಸಿಗೆ ಹೊದಿಕೆ, ಸ್ಯಾನಿಟರಿ ಪ್ಯಾಡ್, ದನಗಳಿಗೆ ಮೇವು ಇವುಗಳ ನೆನಪು ಜನರಿಗೆ ತಡವಾಗಿ ಬರುತ್ತದೆ. ನೀರು ಇಳಿದ ಮೇಲೆ, ಪತ್ರಿಕೆಗಳಲ್ಲಿ ಸುದ್ದಿ ನಿಂತ ಮೇಲೆ, ನಿಜವಾದ ಕೆಲಸ ಆರಂಭವಾಗುತ್ತದೆ: ಮನೆಯೊಳಗಿನ ಕೆಸರು ಎತ್ತುವುದು, ಮತ್ತು ತೊಯ್ದು ಹಾಳಾದ ಆಧಾರ್, ರೇಷನ್ ಕಾರ್ಡ್, ಬ್ಯಾಂಕಿನ ಪಾಸ್‌ಬುಕ್ಕುಗಳಿಗೆ, ಬಿದ್ದ ಮನೆಯ ಪರಿಹಾರಕ್ಕೆ ಅರ್ಜಿ ತುಂಬಿಕೊಡುವುದು. ಒಂದು ಮೇಜು, ನಾಲ್ಕು ಪೆನ್ನು, ಅರ್ಜಿ ನಮೂನೆಗಳು, ಓದುಬರಹ ಬಲ್ಲ ಇಬ್ಬರು ಇದ್ದರೆ ಒಂದು ಊರಿನ ಕೆಲಸ ಸಾಗುತ್ತದೆ. ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಪಡೆದು ಆ ಮನೆಯವರ ಕೈಗೇ ಕೊಡಿ, ಮತ್ತು ಹದಿನೈದು ದಿನಗಳ ನಂತರ ಮತ್ತೊಮ್ಮೆ ಆ ಊರಿಗೆ ಹೋಗಿ ಯಾರ ಅರ್ಜಿ ಎಲ್ಲಿ ನಿಂತಿದೆಯೆಂದು ವಿಚಾರಿಸಿ.