ಮಾವನ ಕಾಫಿಪುಡಿ ಲೋಗೋದಿಂದ ವೆಬ್‌ಸೈಟ್

ಅಂಗಡಿಯ ಲೋಗೋಗೆ ಹೊಂದುವ ವೆಬ್‌ಸೈಟ್ ಮಾಡಬೇಕಾ? ಮೊದಲು ಲೋಗೋದ ಎಸ್‌ವಿಜಿ ಫೈಲ್ ಕೇಳಿ ತಗೊಳ್ಳಿ. ಅದನ್ನು ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ನಮ್ಮ ಮಾವ ಅದರ ಬದಲು ವಾಟ್ಸಾಪ್‌ನಲ್ಲಿ ತಮ್ಮ ಕಾಫಿಪುಡಿ ಅಂಗಡಿ ಬೋರ್ಡಿನ ಫೋಟೋ ಕಳಿಸಿದ್ದರು!

ಲೋಗೋದಲ್ಲಿದ್ದದ್ದು ಕಡುಕಂದು ಮತ್ತು ಹಳದಿ. ಬಣ್ಣ ಹೆಕ್ಕುವ ಐಡ್ರಾಪರ್ ಟೂಲ್‌ನಿಂದ ಎರಡರ ಹೆಕ್ಸ್ ಕೋಡ್ (ಬಣ್ಣದ ಸಂಕೇತ) ಬರೆದುಕೊಂಡೆ. ಅಕ್ಷರಕ್ಕೆಲ್ಲ ಕಂದು. ಹಳದಿ 'ಆರ್ಡರ್ ಮಾಡಿ' ಬಟನ್‌ಗೆ ಮಾತ್ರ. ಎಲ್ಲಾ ಕಡೆ ಬಳಿದರೆ ಬಟನ್ ಕಣ್ಣಿಗೇ ಬೀಳುವುದಿಲ್ಲ, ಅಲ್ವಾ? ಬಿಳಿ ಮೇಲೆ ಹಳದಿ ಅಕ್ಷರವಂತೂ ಬೇಡವೇ ಬೇಡ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸದ ಅನುಪಾತ) ಕನಿಷ್ಠ 4.5:1 ಇರಲಿ. ಅದನ್ನು ಅಳೆಯುವ ಉಚಿತ ಟೂಲ್‌ಗಳು ಬೇಕಾದಷ್ಟಿವೆ.

ಲೋಗೋದ ಅಕ್ಷರ ದುಂಡಗಿತ್ತು. ಅದಕ್ಕೇ ತಲೆಬರಹಕ್ಕೆ 'ಬಾಲೂ ತಮ್ಮ' ಫಾಂಟ್, ಉಳಿದದ್ದಕ್ಕೆ 'ನೋಟೋ ಸಾನ್ಸ್ ಕನ್ನಡ' ಫಾಂಟ್ ಹಾಕಿದೆ.

ಬ್ರೌಸರ್ ಟ್ಯಾಬ್‌ನಲ್ಲಿ ಇಡೀ ಲೋಗೋ ತುರುಕಬೇಡಿ. ನಾನು ಕಾಫಿಬೀಜ ಒಂದನ್ನೇ ಇಟ್ಟೆ. "ಅಂಗಡಿ ಹೆಸರೆಲ್ಲೋ?" ಅಂತ ಮಾವ ಇನ್ನೂ ಕೇಳುತ್ತಿದ್ದಾರೆ.