ಹೊಸ ರಾಯಭಾರಿಯ ಆಶಯದ ಮಾತನ್ನು ಓದುವ ಬಗೆ

ಬಿಕ್ಕಟ್ಟಿನಿಂದ ಚೇತರಿಸಿಕೊಳ್ಳುತ್ತಿರುವ ದೇಶಕ್ಕೆ ಹೊಸದಾಗಿ ಹೋದ ರಾಯಭಾರಿಯ ಮೊದಲ ಸಂದರ್ಶನಗಳಲ್ಲಿ ಸ್ನೇಹ, ಸಹಕಾರ, ಸಂಪರ್ಕ ಎಂಬ ಪದಗಳು ಎಷ್ಟು ಧಾರಾಳವಾಗಿ ಬರುತ್ತವೆಂದರೆ, ಸುದ್ದಿ ಯಾವುದು, ಉಪಚಾರದ ಮಾತು ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗುತ್ತದೆ. ಅದನ್ನು ವರದಿ ಮಾಡುವವರಿಗೂ ಪರೀಕ್ಷೆಗಾಗಿ ಟಿಪ್ಪಣಿ ಮಾಡಿಕೊಳ್ಳುವವರಿಗೂ ನೆರವಾಗಲೆಂದು ಶ್ರೀಲಂಕಾದ ಉದಾಹರಣೆಯನ್ನು ಇಟ್ಟುಕೊಂಡು ಒಂದು ಕ್ರಮವನ್ನು ಹೇಳುತ್ತೇನೆ. ಸಂತೋಷ್ ಝಾ ಅವರು 2023ರ ಡಿಸೆಂಬರ್‌ನಲ್ಲಿ ಕೊಲಂಬೊದಲ್ಲಿ ಭಾರತದ ಹೈಕಮಿಷನರ್ ಆಗಿ ಅಧಿಕಾರ ವಹಿಸಿಕೊಂಡ ಸಂದರ್ಭವದು. (ಕಾಮನ್‌ವೆಲ್ತ್ ದೇಶಗಳು ಪರಸ್ಪರ ಕಳುಹಿಸುವ ರಾಯಭಾರಿಗೆ ಹೈಕಮಿಷನರ್ ಎಂದೇ ಹೆಸರು, ವರದಿಯಲ್ಲಿ ಇದು ತಪ್ಪಬಾರದು.)

ರಾಯಭಾರಿ ಬರುವ ಮುಂಚೆ ಏನೇನಾಗಿತ್ತು ಎಂಬುದನ್ನು ಮೊದಲು ದಿನಾಂಕ ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಶ್ರೀಲಂಕಾ 2022ರ ಏಪ್ರಿಲ್ 12ರಂದು ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿತು. ಜುಲೈನಲ್ಲಿ ಜನರು ಅಧ್ಯಕ್ಷರ ನಿವಾಸಕ್ಕೆ ನುಗ್ಗಿದ ಮೇಲೆ ಅಧ್ಯಕ್ಷ ಗೊಟಬಯ ರಾಜಪಕ್ಸ ದೇಶ ಬಿಟ್ಟು ಹೋಗಿ ರಾಜೀನಾಮೆ ಕೊಟ್ಟರು. ಆ ವರ್ಷ ಭಾರತ ಸುಮಾರು 400 ಕೋಟಿ ಡಾಲರ್‌ಗಳ ನೆರವು ಒದಗಿಸಿತು. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸುಮಾರು 300 ಕೋಟಿ ಡಾಲರ್‌ಗಳ ಸಾಲಕ್ಕೆ ಒಪ್ಪಿಗೆ ನೀಡಿತು. ಇಲ್ಲಿ ‘ನೆರವು’ ಎಂಬ ಪದವನ್ನು ಬಿಡಿಸಿ ನೋಡಬೇಕು. ಇಂಧನ, ಆಹಾರ, ಔಷಧಿಗಳಿಗೆ ಕೊಟ್ಟ ಸಾಲ, ಕರೆನ್ಸಿ ವಿನಿಮಯ, ಮುಂದೂಡಿದ ಬಾಕಿ ಎಲ್ಲವೂ ಅದರಲ್ಲಿ ಸೇರಿದ್ದು, ಬಹುಪಾಲು ಎಂದಾದರೂ ಹಿಂದಿರುಗಬೇಕಾದ ಹಣವೇ ಆಗಿದೆ. ಸಾಲ ಕೊಟ್ಟ ರಾಷ್ಟ್ರಗಳ ಸಮಿತಿಗೆ ಜಪಾನ್ ಮತ್ತು ಫ್ರಾನ್ಸ್ ಜೊತೆ ಭಾರತವೂ ಸಹ-ಅಧ್ಯಕ್ಷತೆ ವಹಿಸಿತ್ತು. ಹಾಗಾಗಿ ಹೈಕಮಿಷನರ್ ಆಡುವ ಮಾತಿನಲ್ಲಿ ನೆರೆಯವರ ದನಿಯೂ ಸಾಲಗಾರನೆದುರು ಕುಳಿತವರ ದನಿಯೂ ಒಟ್ಟಿಗೆ ಕೇಳುತ್ತವೆ.

ಎರಡನೆಯದಾಗಿ, ನಾಮಪದಗಳನ್ನು ಬಿಟ್ಟು ಕ್ರಿಯಾಪದಗಳನ್ನು ಗುರುತು ಹಾಕಿ. ನನ್ನ ಮಟ್ಟಿಗೆ ಇಡೀ ಕೆಲಸದ ಮುಕ್ಕಾಲು ಭಾಗ ಇದೇ. ಶ್ರೀಲಂಕಾದ ಆಗಿನ ಅಧ್ಯಕ್ಷ ರನಿಲ್ ವಿಕ್ರಮಸಿಂಘೆ 2023ರ ಜುಲೈನಲ್ಲಿ ದೆಹಲಿಗೆ ಬಂದಾಗ ಎರಡೂ ದೇಶಗಳು ಹೊರಡಿಸಿದ ಆರ್ಥಿಕ ಸಹಭಾಗಿತ್ವದ ದಾಖಲೆಯನ್ನೇ ನೋಡಿ. ತಮಿಳುನಾಡಿನ ನಾಗಪಟ್ಟಿಣಂ ಮತ್ತು ಶ್ರೀಲಂಕಾದ ಕಾಂಕೇಸಂತುರೈ ನಡುವಿನ ಪ್ರಯಾಣಿಕರ ಹಡಗು ಸೇವೆಯನ್ನು ‘ಪುನರಾರಂಭಿಸುವುದು’ ಎಂದಿದ್ದ ಅದೇ ದಾಖಲೆಯಲ್ಲಿ, ರಾಮೇಶ್ವರಂ–ತಲೈಮನ್ನಾರ್ ಸೇವೆಯ ಬಗ್ಗೆ ಇದ್ದದ್ದು ಬೇಗ ಪುನರಾರಂಭವಾಗುವಂತೆ ‘ಪ್ರಯತ್ನಿಸುವುದು’ ಎಂಬ ಮಾತು. ಮೊದಲನೆಯದು ಮೂರು ತಿಂಗಳೊಳಗೆ, ಅಕ್ಟೋಬರ್ 14ರಂದು ಶುರುವಾಯಿತು. ಹಿಂಗಾರು ಮಳೆಯಿಂದಾಗಿ ಕೆಲವೇ ದಿನಗಳಲ್ಲಿ ನಿಂತು, 2024ರ ಆಗಸ್ಟ್‌ನಲ್ಲಿ ಮತ್ತೆ ಹೊರಟಿತು. ಎರಡನೆಯ ಮಾರ್ಗದಲ್ಲಿ ಆ ವರ್ಷ ಮುಗಿದರೂ ಹಡಗು ಹೊರಡಲಿಲ್ಲ. ಅದೇ ದಾಖಲೆಯಲ್ಲಿದ್ದ ಭೂಸಂಪರ್ಕದ ವಿಷಯ ಕಾರ್ಯಸಾಧ್ಯತಾ ಅಧ್ಯಯನದ ಹಂತದ್ದಾಗಿತ್ತು. ಆದ್ದರಿಂದ ರಾಯಭಾರಿ ‘ಸಂಪರ್ಕ ಹೆಚ್ಚಲಿದೆ’ ಎಂದಾಗ, ಯಾವ ಮಾರ್ಗ, ಯಾವ ಹಂತ ಎಂದು ಕೇಳಿಕೊಂಡೇ ಬರೆಯಬೇಕು. ಅಧ್ಯಯನವಷ್ಟೇ ಆಗಬೇಕಿರುವಾಗ ‘ಸೇತುವೆ ಬರಲಿದೆ’ ಎಂದು ತಲೆಬರಹ ಕೊಡುವುದು ಓದುಗರಿಗೆ ಮಾಡುವ ಮೋಸ.

ಮೂರನೆಯದಾಗಿ, ಮಾತಿನಲ್ಲಿ ಬಾರದೆ ಉಳಿದದ್ದನ್ನು ಹುಡುಕಿ. ಪಾಕ್ ಜಲಸಂಧಿಯಲ್ಲಿ ತಮಿಳುನಾಡಿನ ಮೀನುಗಾರರ ಬಂಧನ, ಸಮುದ್ರದ ತಳವನ್ನೇ ಬಾಚುವ ಅವರ ಬಲೆಗಳ ಬಗ್ಗೆ ಉತ್ತರ ಶ್ರೀಲಂಕಾದ ತಮಿಳು ಮೀನುಗಾರರಿಗಿರುವ ಆಕ್ರೋಶ, 1987ರ ಭಾರತ–ಶ್ರೀಲಂಕಾ ಒಪ್ಪಂದದ ಬೆನ್ನಿಗೆ ಬಂದ, ಪ್ರಾಂತಗಳಿಗೆ ಅಧಿಕಾರ ಹಂಚುವ ಶ್ರೀಲಂಕಾ ಸಂವಿಧಾನದ 13ನೇ ತಿದ್ದುಪಡಿ, ಶ್ರೀಲಂಕಾದ ಹಂಬನ್‌ತೋಟ ಬಂದರನ್ನು 2017ರಲ್ಲಿ ಚೀನಾದ ಕಂಪನಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟದ್ದು, ಇವುಗಳಲ್ಲಿ ಯಾವುದಕ್ಕೆ ನೇರ ಉತ್ತರ ಬಂತು, ಯಾವುದು ‘ಮಾನವೀಯ ದೃಷ್ಟಿಯಿಂದ ಬಗೆಹರಿಸಬೇಕು’ ಎಂಬ ಒಂದು ಸಾಲಿನಲ್ಲಿ ಮುಗಿಯಿತು ಎಂಬುದನ್ನು ಪಕ್ಕದಲ್ಲಿ ಬರೆದಿಡಿ.

ಹಾಳೆಯನ್ನು ಎಸೆಯಬೇಡಿ. ಸಾಲದಾತ ರಾಷ್ಟ್ರಗಳ ಸಮಿತಿಯೊಂದಿಗಿನ ಒಪ್ಪಂದಕ್ಕೆ 2024ರ ಜೂನ್‌ನಲ್ಲಿ ಸಹಿ ಬಿತ್ತು. ಸೆಪ್ಟೆಂಬರ್‌ನಲ್ಲಿ ಅನುರ ಕುಮಾರ ದಿಸ್ಸನಾಯಕೆ ಅಧ್ಯಕ್ಷರಾಗಿ, ಡಿಸೆಂಬರ್‌ನಲ್ಲಿ ತಮ್ಮ ಮೊದಲ ವಿದೇಶ ಪ್ರವಾಸಕ್ಕೆ ದೆಹಲಿಗೇ ಬಂದರು. ಸರ್ಕಾರ ಬದಲಾದ ಮೇಲೆ ಹಳೆಯ ಆಶಯಗಳಲ್ಲಿ ಯಾವುವು ಹೊಸ ಜಂಟಿ ಹೇಳಿಕೆಗೂ ದಾಟಿ ಬಂದವು ಎಂದು ಗುರುತು ಹಾಕಲು ಬಲಬದಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟಿರಿ.