ನಕ್ಷೆಯಲ್ಲಿ 180, ರನ್‌ವೇ ಮೇಲೆ 16

ಸಿಯಾಟಲ್‌ನ ಸೀ-ಟ್ಯಾಕ್ ವಿಮಾನ ನಿಲ್ದಾಣದ ನಕ್ಷೆ ತೆಗೆದು ನೋಡಿ. ಮೂರೂ ರನ್‌ವೇಗಳು ಸ್ಕೇಲಿಟ್ಟು ಎಳೆದ ಹಾಗೆ ಉತ್ತರ-ದಕ್ಷಿಣವಾಗಿ ಮಲಗಿವೆ. ದಕ್ಷಿಣಕ್ಕೆ ಮುಖ ಮಾಡಿ ನಿಂತ ವಿಮಾನ 180 ಡಿಗ್ರಿ ತೋರಿಸಬೇಕು. ಆದರೆ ರನ್‌ವೇ ಮೇಲೆ ಬರೆದಿರುವುದು 16 (ಡಿಗ್ರಿಯನ್ನು ಹತ್ತರಿಂದ ಭಾಗಿಸಿ ಬರೆಯುವ ಸಂಖ್ಯೆ, ಅಂದರೆ ಸುಮಾರು 160), ನನ್ನ ಸಿಮ್ಯುಲೇಟರಿನ ಪರದೆ ತೋರಿಸುತ್ತಿದ್ದುದು 165ರ ಆಸುಪಾಸು. ಸಾಫ್ಟ್‌ವೇರ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಮರುಸ್ಥಾಪನೆ ಮಾಡಿದೆ. ಕೆಟ್ಟಿದ್ದು ಸಾಫ್ಟ್‌ವೇರ್ ಅಲ್ಲ, ನನ್ನ ತಿಳಿವಳಿಕೆ.

ಅಲ್ಲಿ ದಿಕ್ಸೂಚಿಯ ಮುಳ್ಳು ನಿಜ ಉತ್ತರಕ್ಕಿಂತ, ಅಂದರೆ ನಕ್ಷೆಯ ಉತ್ತರಕ್ಕಿಂತ, ಸುಮಾರು 15 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ಇದೇ ವೇರಿಯೇಷನ್. ಹೆಡಿಂಗ್ ಅಂದರೆ ವಿಮಾನದ ಮೂಗು ತೋರುವ ದಿಕ್ಕು. ನಿಜ ಹೆಡಿಂಗ್‌ನಿಂದ ಕಾಂತೀಯ ಹೆಡಿಂಗ್ ಬೇಕಾದರೆ ವೇರಿಯೇಷನ್ ಪೂರ್ವವಿದ್ದಾಗ ಕಳೆಯಬೇಕು, ಪಶ್ಚಿಮವಿದ್ದಾಗ ಕೂಡಬೇಕು. 180ರಲ್ಲಿ 15 ಕಳೆದರೆ 165. ಲೆಕ್ಕ ಇಷ್ಟೇ. ಆದರೆ ನಾನು ನಕ್ಷೆಯ ಮೇಲೆ ಕೋನಮಾಪಕವಿಟ್ಟು ಅಳೆದ 180 ಅನ್ನೇ ಹೆಡಿಂಗ್ ಗುಂಡಿಯಲ್ಲಿ ಹಾಕಿಕೊಂಡು ದಕ್ಷಿಣಕ್ಕೆ ಹೊರಟಿದ್ದೆ. ಎಡ ಕಿಟಕಿಯಲ್ಲಿ ರೇನಿಯರ್ ಪರ್ವತ ನಕ್ಷೆ ಹೇಳಿದಷ್ಟು ಹತ್ತಿರ ಬರಲೇ ಇಲ್ಲ. ಒಂದು ಡಿಗ್ರಿ ತಪ್ಪಿದರೆ 60 ನಾಟಿಕಲ್ ಮೈಲಿಗೆ ಸುಮಾರು ಒಂದು ಮೈಲಿ ತಪ್ಪುತ್ತದೆ. ನಾನು ತಪ್ಪಿದ್ದು 15 ಡಿಗ್ರಿ.

ಇದೆಲ್ಲ ಸಣ್ಣ ವಿಮಾನ ಹಾರಿಸುವವರಿಗೂ ಗೊತ್ತಿರುವ ಮಾತು. ಜೆಟ್‌ನಲ್ಲಿ ನನ್ನ ಕಣ್ಣು ತೆರೆಸಿದ್ದು ಬೇರೆಯೇ ವಿಷಯ. ಎದುರಿನ ದೊಡ್ಡ ಪರದೆಯ ಕಾಂತೀಯ ಹೆಡಿಂಗ್ ಅನ್ನು ಅಲ್ಲಿ ಯಾವ ಆಯಸ್ಕಾಂತವೂ ಅಳೆಯುವುದಿಲ್ಲ. ಐಆರ್‌ಎಸ್ ಎಂಬ, ವಿಮಾನದ ದಿಕ್ಕು-ಸ್ಥಾನ ತಿಳಿಸುವ ಸಾಧನದೊಳಗಿನ ಲೇಸರ್ ಗೈರೋಗಳು (ತಿರುಗುವಿಕೆ ಅಳೆಯುವ ಸಂವೇದಕಗಳು) ನಿಂತ ವಿಮಾನದಲ್ಲೇ ಭೂಮಿಯ ತಿರುಗುವಿಕೆಯನ್ನು, ಅಂದರೆ ಗಂಟೆಗೆ 15 ಡಿಗ್ರಿಯನ್ನು, ಗ್ರಹಿಸಿ ನಿಜ ಉತ್ತರವನ್ನು ಕಂಡುಕೊಳ್ಳುತ್ತವೆ. ಹೊರಡುವ ಮೊದಲು ಅಲೈನ್ ಆಗಲೆಂದು ನಿಮಿಷಗಟ್ಟಲೆ ಕಾಯಿಸುವುದು ಇದಕ್ಕೇ. (ಸಿಮ್ಯುಲೇಟರ್‌ನಲ್ಲಿ ಬೇಗ ಮುಗಿಸುವ ಆಯ್ಕೆ ಇದೆ, ನಾನೂ ಅದನ್ನೇ ಒತ್ತುತ್ತಿದ್ದೆ, ಹಾಗಾಗಿ ಅದು ಏಕೆ ಕಾಯಿಸುತ್ತದೆ ಎಂದು ಯೋಚಿಸಿಯೇ ಇರಲಿಲ್ಲ.) ಆಮೇಲೆ ಇರುವ ಜಾಗಕ್ಕೆ ತಕ್ಕ ವೇರಿಯೇಷನ್ ಅನ್ನು ಒಳಗಿನ ಕೋಷ್ಟಕದಿಂದ ತೆಗೆದು ಕಳೆದೋ ಕೂಡಿಯೋ ನಮಗೆ ತೋರಿಸುತ್ತದೆ. ಆಯಸ್ಕಾಂತವನ್ನೇ ನಂಬಿಕೊಂಡಿರುವುದು ಗಾಜಿನ ಬಳಿಯ ಪುಟ್ಟ ತುರ್ತು ದಿಕ್ಸೂಚಿ ಮಾತ್ರ.

ಕೋಷ್ಟಕ ಅಂದ ಮೇಲೆ ಅದು ಹಳತಾಗುತ್ತದೆ. ಕಾಂತೀಯ ಧ್ರುವ ಕೆನಡಾ ಕಡೆಯಿಂದ ಸೈಬೀರಿಯಾ ಕಡೆಗೆ ಸರಿಯುತ್ತಲೇ ಇದೆ. ವೇರಿಯೇಷನ್ ಲೆಕ್ಕಕ್ಕೆ ಆಧಾರವಾದ ವಿಶ್ವ ಕಾಂತೀಯ ಮಾದರಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸುತ್ತಾರೆ. ಲಂಡನ್ ಬಳಿಯ ಸ್ಟಾನ್‌ಸ್ಟೆಡ್‌ನ 05/23 ರನ್‌ವೇ (ಎರಡು ತುದಿಗಳ ಎರಡು ಸಂಖ್ಯೆ) 2009ರಲ್ಲಿ 04/22 ಆಯಿತು, ಡಾಂಬರು ಒಂದಿಂಚೂ ಅಲುಗಲಿಲ್ಲ. ಹಳೆಯ ಸಿಮ್ಯುಲೇಟರ್‌ಗೆ ಹೊಸ ಚಾರ್ಟ್ ಹಿಡಿದು ಕೂತಾಗ ಒಂದೆರಡು ಡಿಗ್ರಿ ಹೊಂದದಿದ್ದರೆ ನಾನೀಗ ತಲೆ ಕೆಡಿಸಿಕೊಳ್ಳುವುದಿಲ್ಲ. ಇಳಿಯಲು ದಾರಿ ತೋರುವ ಐಎಲ್‌ಎಸ್‌ನ ಮುಳ್ಳು ರೇಡಿಯೋ ಕಿರಣವನ್ನು ನೋಡುತ್ತದೆ, ಅಂಕಿಯನ್ನಲ್ಲ.

ಗಾಳಿಯದು ಇನ್ನೊಂದು ಕಿರಿಕಿರಿ. ಮೆಟಾರ್ ಎಂಬ ವಿಮಾನ ನಿಲ್ದಾಣದ ಹವಾಮಾನ ವರದಿಯ ಗಾಳಿ ನಿಜ ಉತ್ತರದ ಲೆಕ್ಕದಲ್ಲಿರುತ್ತದೆ, ಟವರ್ ಹೇಳುವುದು ಕಾಂತೀಯ. ಮೆಟಾರ್‌ನಲ್ಲಿ 180 ಓದಿ, ಸೀ-ಟ್ಯಾಕ್‌ನಲ್ಲಿ ಬಲಗಡೆಯಿಂದ ಅಡ್ಡಗಾಳಿ ಎಂದು ಸಿದ್ಧನಾಗಿ ಇಳಿದೆ. ಗಾಳಿ ನೇರ ಮೂಗಿಗೇ ಬೀಸುತ್ತಿತ್ತು.

ಎಲ್ಲವೂ ಒಟ್ಟಿಗೆ ಕಂಡದ್ದು 747-400ರಲ್ಲಿ ಫ್ರಾಂಕ್‌ಫರ್ಟ್‌ನಿಂದ ಸಿಯಾಟಲ್‌ಗೆ ಹಾರಿದಾಗ. ಗ್ರೇಟ್ ಸರ್ಕಲ್ ದಾರಿ, ಅಂದರೆ ಭೂಗೋಳದ ಮೇಲಿನ ಅತಿ ಹತ್ತಿರದ ದಾರಿ, ಗ್ರೀನ್‌ಲ್ಯಾಂಡ್ ದಾಟಿ ಸುಮಾರು 70 ಡಿಗ್ರಿ ಉತ್ತರಕ್ಕೆ ಏರುತ್ತದೆ. ಆ ತುದಿಯಲ್ಲಿ ವಿಮಾನ ನೇರ ಪಶ್ಚಿಮಕ್ಕೆ, 270ಕ್ಕೆ ಹೋಗುತ್ತಿತ್ತು; ಪರದೆ ಮಾತ್ರ 300 ಅನ್ನುತ್ತಿತ್ತು, ಏಕೆಂದರೆ ಅಲ್ಲಿ ವೇರಿಯೇಷನ್ ಸುಮಾರು 30 ಡಿಗ್ರಿ ಪಶ್ಚಿಮ. ಮೊದಲೇ ಹಾಕಿಟ್ಟ ದಾರಿ ಹಿಡಿಯುವ ಆಟೋಪೈಲಟ್ ವಿಧಾನವಾದ ಎಲ್‌ನ್ಯಾವ್‌ಗೆ ಇದರ ಗೊಡವೆಯೇ ಇಲ್ಲ, ಅದು ಅಕ್ಷಾಂಶ-ರೇಖಾಂಶ ನೋಡಿಕೊಂಡು ತನ್ನ ಪಾಡಿಗೆ ಹೋಗುತ್ತದೆ. ಪೇಚಾಟವೆಲ್ಲ ಗುಂಡಿ ತಿರುಗಿಸಿ ದಿಕ್ಕು ಕೊಡುವ ಹೆಡಿಂಗ್ ಸೆಲೆಕ್ಟ್‌ಗೆ ಕೈ ಹಾಕುವವನದು. ಹೆಡಿಂಗ್ ರೆಫರೆನ್ಸ್ ಸ್ವಿಚ್ಚನ್ನು ನಾರ್ಮ್‌ನಿಂದ (ಕಾಂತೀಯ) ಟ್ರೂಗೆ (ನಿಜ) ತಿರುಗಿಸಿದೆ. ಅಂಕಿ 270ಕ್ಕೆ ಇಳಿಯಿತು, ಟ್ರೂ ಅಕ್ಷರಗಳ ಸುತ್ತ ಚೌಕಟ್ಟು ಬಂತು. ಖುಷಿಯಾಯಿತು.

ಅಂದಿನಿಂದ ಕಾಗದದಲ್ಲಿ ಯಾವ ಅಂಕಿ ಬರೆದರೂ ಪಕ್ಕದಲ್ಲಿ 'ನಿ' ಅಥವಾ 'ಕಾ' ಎಂದು ಗುರುತು ಹಾಕುತ್ತೇನೆ. ಅಂದು ಹಾಕಿರಲಿಲ್ಲ. ಇಳಿಯುವಾಗ ಸ್ವಿಚ್ ಟ್ರೂನಲ್ಲೇ ಉಳಿದಿತ್ತು. ಕಂಟ್ರೋಲರ್ 130ಕ್ಕೆ ತಿರುಗು ಅಂದ, ತಿರುಗಿದೆ. ಅದು ನಿಜ 130, ಅಂದರೆ ಕಾಂತೀಯ 115. ಬೇಕಾದ್ದಕ್ಕಿಂತ ಕಡಿದಾದ ಕೋನದಲ್ಲಿ ನುಗ್ಗಿ, ರನ್‌ವೇಯ ನೇರ ತೋರುವ ಲೋಕಲೈಸರ್ ಕಿರಣವನ್ನು ದಾಟಿಹೋದೆ. ಎಸ್-ತಿರುವು ಹಾಕಿ ಹೇಗೋ ಇಳಿಸಿದೆ. ಬ್ರೇಕ್ ಹಿಡಿದು ನೋಡಿದರೆ ಪರದೆಯಲ್ಲಿ 180, ನಕ್ಷೆಯಲ್ಲಿದ್ದಂತೆಯೇ.